ಖಾಲಿ ಜಾಗ

ಮೊಮ್ಮಗಳು ಶಾಲೆಯ ರಸಪ್ರಶ್ನೆ ಸ್ಪರ್ಧೆಗೆ ತಯಾರಿ ನಡೆಸಿದ್ದಳು. ಸಾಮಾನ್ಯ ಜ್ಞಾನದ ದಪ್ಪ ಪುಸ್ತಕವೊಂದನ್ನು ನನ್ನ ಕೈಗಿಟ್ಟು, "ಅಜ್ಜ, ನೀನು ಕೇಳು, ನಾನು ಹೇಳ್ತೀನಿ" ಎಂದು ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಳು. ಒಂದಾದ ಮೇಲೊಂದು ಪ್ರಶ್ನೆ ಓದುತ್ತ ಹೋದೆ. ವೇಲ್ಸ್ ನಾಡಿನಿಂದ ವಲಸೆ ಬಂದವರು ಕಟ್ಟಿದ, ಈಗ ಪ್ರಾಂತವೊಂದರ ರಾಜಧಾನಿಯಾಗಿರುವ, ದಕ್ಷಿಣ ಅಮೆರಿಕದ ಸಣ್ಣ ಊರು ಯಾವುದು ಎಂಬ ಪ್ರಶ್ನೆ ಬಂತು. ಅವಳಿಗೆ ಗೊತ್ತಿರಲಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಹೈಸ್ಕೂಲಿನಲ್ಲಿ ಭೂಗೋಳ ಹೇಳಿದ ನನಗೂ ಗೊತ್ತಿರಲಿಲ್ಲ. ಪುಟದ ಬುಡದಲ್ಲಿ ತಲೆಕೆಳಗಾಗಿ ಅಚ್ಚಾಗಿದ್ದ ಉತ್ತರ ನೋಡಿದೆ: ರಾಸನ್, ಅರ್ಜೆಂಟೀನಾ.

ಅವಳು ಅದನ್ನು ಒಂದು ಸಲ ಗಟ್ಟಿಯಾಗಿ ಹೇಳಿಕೊಂಡು ಮುಂದಿನ ಪ್ರಶ್ನೆಗೆ ಹೋದಳು. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. ಪಿಂಚಣಿದಾರರಿಗೆ ಇದೊಂದು ರೋಗ. ಕೆಲಸದಲ್ಲಿದ್ದಾಗ ಪಾಠ ಮುಗಿಸುವ ಧಾವಂತದಲ್ಲಿ ದಾಟಿಬಿಟ್ಟ ಸಾಲುಗಳೆಲ್ಲ ಈಗ ಒಂದೊಂದಾಗಿ ಹಿಂದಕ್ಕೆ ಕರೆಯುತ್ತವೆ. ಪೆಟಗೋನಿಯಾದ ಬಗ್ಗೆ ನಾನು ಪ್ರತಿವರ್ಷ ಮಕ್ಕಳಿಗೆ ಬರೆಸುತ್ತಿದ್ದ ಟಿಪ್ಪಣಿ ನನಗಿನ್ನೂ ಬಾಯಿಪಾಠ: ಅದು ಬರಡು ಪ್ರಸ್ಥಭೂಮಿ, ಮಳೆ ಕಡಿಮೆ, ಗಾಳಿ ಹೆಚ್ಚು, ಜನವಸತಿ ವಿರಳ. ಒಂದು ಅಂಕದ ಪ್ರಶ್ನೆಗೆ ಅಷ್ಟು ಸಾಕಿತ್ತು. ಅಂಥ ಜಾಗಕ್ಕೆ ವೇಲ್ಸಿನವರು ಯಾಕೆ ಹೋದರು ಎಂದು ತಿಳಿಯುವ ಕುತೂಹಲವಾಯಿತು. ಸಿಕ್ಕಿದ್ದನ್ನೆಲ್ಲ ಓದಿದೆ. ಓದುತ್ತ ಹೋದಂತೆ, 'ವಿರಳ' ಎಂಬ ಆ ಒಂದು ಶಬ್ದವನ್ನು ನಾನು ಎಷ್ಟು ಸಾವಿರ ಮಕ್ಕಳ ಬಾಯಲ್ಲಿ ಹಾಕಿದೆನಲ್ಲ ಎಂದು ಮನಸ್ಸಿಗೆ ಸ್ವಲ್ಪ ಕಸಿವಿಸಿಯೂ ಆಯಿತು.

ಅವರು ಹೋದದ್ದು ಭಾಷೆಗಾಗಿ. ಇದು ನಮಗೆ ಸುಲಭವಾಗಿ ಅರ್ಥವಾಗುವ ಸಂಗತಿ. ಹತ್ತೊಂಬತ್ತನೆಯ ಶತಮಾನದ ವೇಲ್ಸಿನಲ್ಲಿ ರೈತರ ಮನೆಮಾತು ವೆಲ್ಷ್. ಕೋರ್ಟಿನ ಮಾತು, ಜಮೀನುದಾರರ ಮಾತು ಇಂಗ್ಲಿಷ್. ಕೆಲವು ಶಾಲೆಗಳಲ್ಲಿ ವೆಲ್ಷ್ ಮಾತಾಡಿ ಸಿಕ್ಕಿಬಿದ್ದ ಹುಡುಗನ ಕೊರಳಿಗೆ ಒಂದು ಮರದ ತುಂಡನ್ನು ನೇತುಹಾಕುತ್ತಿದ್ದರು. ಅವನು ಅದನ್ನು ಇನ್ನೊಬ್ಬ ಹುಡುಗ ವೆಲ್ಷ್ ಮಾತಾಡಿದ್ದನ್ನು ಹಿಡಿದು ಅವನ ಕೊರಳಿಗೆ ದಾಟಿಸಬೇಕು. ಸಂಜೆ ಅದು ಯಾರ ಕೊರಳಲ್ಲಿ ಉಳಿಯಿತೋ ಅವನಿಗೆ ಏಟು. 1847ರಲ್ಲಿ ಲಂಡನ್ನಿನ ಸರಕಾರ ವೇಲ್ಸಿನ ಶಿಕ್ಷಣದ ಬಗ್ಗೆ ತರಿಸಿಕೊಂಡ ವರದಿಯಂತೂ ಆ ಜನರ ಭಾಷೆಯನ್ನಷ್ಟೇ ಅಲ್ಲ, ನಡತೆಯನ್ನೂ ಹೀಯಾಳಿಸಿತ್ತು. ಬಾಲಾ ಎಂಬ ಊರಿನ ಪಾದ್ರಿ ಮೈಕೆಲ್ ಡಿ. ಜೋನ್ಸ್ ಅಮೆರಿಕದ ಓಹಾಯೊಗೆ ಹೋಗಿ ಬಂದಿದ್ದರು. ಅಲ್ಲಿಗೆ ವಲಸೆ ಹೋದ ತಮ್ಮವರು ಇಂಗ್ಲಿಷಿನ ಸಮುದ್ರದಲ್ಲಿ ಕರಗಿಹೋಗುತ್ತಿರುವುದನ್ನು ಕಣ್ಣಾರೆ ಕಂಡಿದ್ದರು. ಇಂಗ್ಲಿಷ್ ಇಲ್ಲದ, ಬೇರೆ ಯಾರೂ ಇಲ್ಲದ ಒಂದು ಜಾಗ ಬೇಕು. ಚರ್ಚು, ಶಾಲೆ, ನ್ಯಾಯ, ಸಂತೆ ಎಲ್ಲವೂ ವೆಲ್ಷಿನಲ್ಲೇ ನಡೆಯಬೇಕು. ಹೀಗೊಂದು ಕನಸು. ಹುಡುಕುತ್ತ ಹುಡುಕುತ್ತ ಭೂಪಟದಲ್ಲಿ ಅವರ ಬೆರಳು ನಿಂತದ್ದು ಪೆಟಗೋನಿಯಾದ ಮೇಲೆ.

ಬೇರೆ ಯಾರೂ ಇಲ್ಲದ ಜಾಗ. ಭೂಪಟದಲ್ಲಿ ಅದು ಹಾಗೆ ಕಾಣಿಸುತ್ತದೆ, ನಿಜ.

1865ರ ಮೇ ಕೊನೆಯಲ್ಲಿ ಮಿಮೋಸಾ ಎಂಬ ಹಡಗು ಲಿವರ್‌ಪೂಲಿನಿಂದ ಹೊರಟಿತು. ಅದು ಚಹಾ ಸಾಗಿಸುತ್ತಿದ್ದ ಹಡಗು, ಜನರಿಗೆಂದು ಕಟ್ಟಿದ್ದಲ್ಲ. ಸುಮಾರು 150 ಜನ ಅದರಲ್ಲಿದ್ದರು. ಕೃಷಿ ಬಲ್ಲವರು ಕಡಿಮೆ. ಗಣಿಯವರು, ದರ್ಜಿಗಳು, ಬಡಗಿಗಳು ಹೆಚ್ಚು. ಜುಲೈ 28ಕ್ಕೆ ಈಗ ಪುವೆರ್ತೊ ಮಾದ್ರಿನ್ ಎನ್ನುವ ಕಡೆ ತೀರಕ್ಕೆ ಬಂದರು. ಅಲ್ಲಿ ಕುಡಿಯುವ ನೀರಿಲ್ಲ. ಚುಬುತ್ ನದಿಯ ಕಣಿವೆ ಅಲ್ಲಿಂದ ಅರವತ್ತು ಕಿಲೋಮೀಟರಿಗೂ ಹೆಚ್ಚು ದೂರ. ದಕ್ಷಿಣದಲ್ಲಿ ಜುಲೈ ಎಂದರೆ ನಡುಚಳಿಗಾಲ. ಗಂಡಸರು ಒಣನೆಲದ ಮೇಲೆ ನಡೆದರು. ಹೆಂಗಸರು ಮಕ್ಕಳನ್ನು ಸಣ್ಣ ಹಡಗಿನಲ್ಲಿ ಕಳಿಸಿದರು, ಅದು ಬಿರುಗಾಳಿಗೆ ಸಿಕ್ಕಿ ತಡವಾಯಿತು. ಹಸುರು ಹುಲ್ಲಿನ ನಾಡು ಎಂದು ಅವರಿಗೆ ವರ್ಣನೆ ಮಾಡಿ ಕರೆತಂದಿದ್ದರು. ಬಂದು ನೋಡಿದರೆ ಮುಳ್ಳುಕಂಟಿ ಮತ್ತು ಗಾಳಿ.

ನದಿ ಸಮುದ್ರ ಸೇರುವುದಕ್ಕೆ ಕೆಲವೇ ಕಿಲೋಮೀಟರು ಇರುವಲ್ಲಿ, ಹಿಂದೊಮ್ಮೆ ಬೇಟೆಗಾರರ ತಂಡವೊಂದು ಎಬ್ಬಿಸಿ ಬಿಟ್ಟುಹೋಗಿದ್ದ ಮಣ್ಣಿನ ಕೋಟೆಯ ಅವಶೇಷದ ಹತ್ತಿರ ಅವರು ಬೀಡುಬಿಟ್ಟರು. 1865ರ ಸೆಪ್ಟೆಂಬರ್ 15ರಂದು ಹೂಲಿಯಾನ್ ಮುರ್ಗಾ ಎಂಬ ಅರ್ಜೆಂಟೀನಾದ ಸೇನಾಧಿಕಾರಿ ಅಲ್ಲಿ ರಾಷ್ಟ್ರಧ್ವಜ ಹಾರಿಸಿ, ಊರಿಗೆ ರಾಸನ್ ಎಂದು ಹೆಸರಿಟ್ಟ. ಗಿಯೆರ್ಮೊ ರಾಸನ್ ಆಗ ದೇಶದ ಒಳಾಡಳಿತ ಮಂತ್ರಿ, ವೃತ್ತಿಯಲ್ಲಿ ವೈದ್ಯ. ವೆಲ್ಷರ ಯೋಜನೆಯನ್ನು 1863ರಲ್ಲಿ ಅಲ್ಲಿಯ ಸಂಸತ್ತು ತಿರಸ್ಕರಿಸಿದ ಮೇಲೂ ಅವರ ಬೆನ್ನಿಗೆ ನಿಂತು ಭೂಮಿ ಕೊಡಿಸಿದವನು. ಉಪಕಾರ ಮಾಡಿದವನ ಹೆಸರನ್ನು ಊರಿಗೆ ಇಡುವುದು ಸಭ್ಯರ ಲಕ್ಷಣ. ನಮ್ಮಲ್ಲೂ ಮಂತ್ರಿಗಳ ಹೆಸರಿನ ಬಡಾವಣೆಗಳು ಬೇಕಾದಷ್ಟಿವೆ.

ನಾನು ಓದುತ್ತಿರುವಾಗ ಇಲ್ಲಿಯವರೆಗೆ ಏನೂ ಅನ್ನಿಸಲಿಲ್ಲ. ಕಷ್ಟಜೀವಿಗಳು, ತಾಯ್ನುಡಿಗಾಗಿ ಸಮುದ್ರ ದಾಟಿದವರು, ಒಳ್ಳೆಯವರು. ಒಳ್ಳೆಯವರು ಎಂಬುದಕ್ಕೆ ಇನ್ನೂ ಸಾಕ್ಷಿಗಳಿವೆ. ತಮ್ಮ ಆಡಳಿತಕ್ಕೆ ಅವರು ಮಾಡಿಕೊಂಡ ಕಟ್ಟಳೆಯಲ್ಲಿ ಹದಿನೆಂಟು ದಾಟಿದ ಗಂಡಸರಿಗೂ ಹೆಂಗಸರಿಗೂ ಸಮನಾಗಿ ಗುಪ್ತ ಮತದಾನದ ಹಕ್ಕಿತ್ತು. ಆ ಕಾಲದ ಬ್ರಿಟನ್ನಿನಲ್ಲಿ ಇದನ್ನು ಯಾರೂ ಊಹಿಸಿಕೊಂಡೂ ಇರಲಾರರು. ಎರಡು ವರ್ಷ ಬೆಳೆ ಕೈಕೊಟ್ಟಿತು. ಮಳೆಯನ್ನು ನಂಬಿ ಬಿತ್ತುತ್ತಿದ್ದರು, ಮಳೆ ಬರುತ್ತಿರಲಿಲ್ಲ. 1867ರಲ್ಲಿ ರೇಚಲ್ ಜೆಂಕಿನ್ಸ್ ಎಂಬ ಹೆಣ್ಣುಮಗಳು ನದಿಯಿಂದ ಒಂದು ಕಾಲುವೆ ತೋಡಿ ನೀರು ಹರಿಸಿ ನೋಡೋಣ ಎಂದಳಂತೆ, ಗಂಡ ಆರನ್ ತೋಡಿದ, ಗೋದಿ ಬಂತು. ಆಮೇಲೆ ಕಣಿವೆಯ ಉದ್ದಕ್ಕೂ ಕಾಲುವೆಗಳಾದವು. ಚುಬುತ್‌ನ ಗೋದಿ ಪರದೇಶದ ಪ್ರದರ್ಶನಗಳಲ್ಲಿ ಬಹುಮಾನ ಪಡೆಯುವಷ್ಟು ಹೆಸರು ಮಾಡಿತು.

ಇಷ್ಟರ ನಡುವೆ ಒಂದು ಕಾಗದದ ಕತೆ ಬರುತ್ತದೆ. ರಾಸನ್ನಿನಲ್ಲಿ ಬಾವುಟ ಏರಿ ಮೂರು ತಿಂಗಳೂ ತುಂಬಿರಲಿಲ್ಲ. 1865ರ ಡಿಸೆಂಬರಿನಲ್ಲಿ ಅಂತೋನಿಯೊ ಎಂಬ ಬುಡಕಟ್ಟಿನ ನಾಯಕ ವಸಾಹತಿನ ಮುಖ್ಯಸ್ಥರಿಗೆ ಒಂದು ಕಾಗದ ಬರೆಸಿದ. ಸ್ಪ್ಯಾನಿಷ್ ಬಲ್ಲವರ ಕೈಯಲ್ಲಿ ಬರೆಸಿದ್ದು. ಅದರ ಸಾರ ಇಷ್ಟು: ನೀವು ಬಂದು ನೆಲೆಸಿರುವುದು ನನಗೆ ತಿಳಿಯಿತು. ಈ ಬಯಲು ನಮ್ಮದು. ನಮ್ಮ ಹಿರಿಯರು ಉತ್ತರದ ಕೆಲವು ಬಯಲುಗಳನ್ನು ಮಾರಿದ್ದು ಉಂಟು, ಇದನ್ನು ಯಾವತ್ತೂ ಮಾರಿಲ್ಲ. ಗ್ವಾನಾಕೊಗಳೂ ಉಷ್ಟ್ರಪಕ್ಷಿಗಳೂ ತುಂಬಿರುವ ಈ ನೆಲದಲ್ಲಿ ನಮಗೆ ಊಟಕ್ಕೆ ಕೊರತೆಯಿಲ್ಲ. ಸರಕಾರಕ್ಕೆ ಈ ಜಾಗ ಬೇಕಿದ್ದರೆ ನಮ್ಮೊಡನೆ ಮಾತಾಡಲಿ. ಜಗಳದ ಧಾಟಿಯಲ್ಲ. ಬದಲಿಗೆ ಸ್ನೇಹದ ಮಾತುಗಳೇ ಇದ್ದವು. ಆದರೆ ವಿಷಯದಲ್ಲಿ ಗೊಂದಲ ಇರಲಿಲ್ಲ.

ಈ ಕಾಗದದ ಪ್ರಸ್ತಾಪ ಓದಿದ ದಿನ ನಾನು ನನ್ನ ಹಳೆಯ ಟಿಪ್ಪಣಿಯ 'ವಿರಳ'ವನ್ನು ನೆನೆದೆ. ತೆವೆಲ್ಚೆ ಎಂದು ಕರೆಯುವ ಆ ಜನ ಒಂದೇ ಕಡೆ ಮನೆ ಕಟ್ಟಿ ಕೂರುವವರಲ್ಲ. ಬೇಟೆಯ ಹಿಂದೆ ಋತುವಿಗೆ ತಕ್ಕಂತೆ ನೂರಾರು ಮೈಲಿ ತಿರುಗುವವರು. ಅಂಥವರು ಈ ತಿಂಗಳು ಇಲ್ಲಿ ಇಲ್ಲ ಎಂದರೆ ಇಲ್ಲಿ ಯಾರೂ ಇಲ್ಲ ಎಂದು ಅರ್ಥವೇ? ಮದುವೆಗೆಂದು ನೀವು ಬೀಗ ಹಾಕಿ ಹೋದ ಮನೆಯನ್ನು ನೋಡಿ ಖಾಲಿ ಇದೆ ಎಂದು ಯಾರಾದರೂ ಹೇಳಿದರೆ ಸುಮ್ಮನಿರುತ್ತೀರಾ? ಬೀಗ ಇದ್ದರೆ ಮನೆ, ಬೇಲಿ ಇದ್ದರೆ ಜಮೀನು, ಕಾಗದ ಇದ್ದರೆ ಹಕ್ಕು. ಈ ಮೂರೂ ಇಲ್ಲದ ಕಡೆ ಮನುಷ್ಯರನ್ನು ಕಾಣುವುದಕ್ಕೆ ನಮ್ಮ ಕಣ್ಣಿಗೆ ಅಭ್ಯಾಸವೇ ಇಲ್ಲ. ಅಂತೋನಿಯೊ ಕಾಗದವನ್ನೂ ಬರೆಸಿದ್ದ, ಪಾಪ.

ವೆಲ್ಷರು ಅವನನ್ನು ಓಡಿಸಲು ಹೋಗಲಿಲ್ಲ ಎಂಬುದನ್ನೂ ಹೇಳಬೇಕು. ಮೊದಲ ಭೇಟಿ ಆದದ್ದು 1866ರ ಏಪ್ರಿಲ್‌ನಲ್ಲಿ, ರಾಸನ್ನಿನಲ್ಲಿ ಮದುವೆಯ ಸಂಭ್ರಮ ನಡೆದಿದ್ದಾಗ. ಫ್ರಾನ್ಸಿಸ್ಕೊ ಎಂಬ ಮುಖ್ಯಸ್ಥ ತನ್ನ ಹೆಂಡತಿಯೊಡನೆ ಬಂದು ನಿಂತ. ಎಲ್ಲರಿಗೂ ಎದೆ ಧಸಕ್ ಎಂದಿರಬೇಕು. ಏನೂ ಆಗಲಿಲ್ಲ. ಮುಂದೆ ಅವನೇ ಈ ಗಣಿಯವರಿಗೂ ದರ್ಜಿಗಳಿಗೂ ಗ್ವಾನಾಕೊ ಬೇಟೆ ಹೇಳಿಕೊಟ್ಟ. ಹಗ್ಗದ ತುದಿಗೆ ಕಲ್ಲಿನ ಗುಂಡು ಕಟ್ಟಿ ಬೀಸಿ ಪ್ರಾಣಿಯ ಕಾಲು ತೊಡರಿಸುವುದನ್ನು ಹೇಳಿಕೊಟ್ಟ. ಕುದುರೆ, ದನ ಪಳಗಿಸುವುದನ್ನು ಹೇಳಿಕೊಟ್ಟ. ಬೆಳೆ ಇಲ್ಲದ ಆ ವರ್ಷಗಳಲ್ಲಿ ಅವರು ಬದುಕಿ ಉಳಿದದ್ದರಲ್ಲಿ ಆ ಮಾಂಸದ ಪಾಲು ದೊಡ್ಡದು. ಆಮೇಲೆ ವ್ಯಾಪಾರ ಬೆಳೆಯಿತು. ಅವರು ಗರಿ, ಚರ್ಮ, ಕಂಬಳಿ ತರುವರು. ಇವರು ರೊಟ್ಟಿ, ಬೆಣ್ಣೆ, ಬಟ್ಟೆ ಕೊಡುವರು. ವೆಲ್ಷರ ರೊಟ್ಟಿಯ ರುಚಿ ತೆವೆಲ್ಚೆಗಳಿಗೆ ಹಿಡಿಸಿತು. ರೊಟ್ಟಿಗೆ ವೆಲ್ಷಿನಲ್ಲಿ 'ಬಾರಾ' ಎನ್ನುತ್ತಾರೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ನಾವು 'ಬರ' ಎಂದೇ ಓದುತ್ತೇವೆ. ಒಂದೇ ಅಕ್ಷರಗಳು ಒಂದು ಕಡೆ ಅನ್ನ, ಇನ್ನೊಂದು ಕಡೆ ಅನ್ನವಿಲ್ಲದ ಕಾಲ. ಇರಲಿ. ಆ ಶಬ್ದ ಇನ್ನೊಮ್ಮೆ ಬರುತ್ತದೆ.

ನನ್ನ ತಲೆಯಲ್ಲಿ ಕೊರೆಯುವುದು ಹೆಸರಿನ ವಿಷಯ. ಭೂಮಿ 'ಕೊಟ್ಟ' ಮಂತ್ರಿಯ ಹೆಸರು ಊರಿಗೆ ಬಂತು. ಆ ಮಂತ್ರಿ ಕೊಟ್ಟದ್ದು ತನ್ನ ಕೈಯಲ್ಲಿ ಇಲ್ಲದ್ದನ್ನು. ಆ ಹೊತ್ತಿಗೆ ಅರ್ಜೆಂಟೀನಾ ಸರಕಾರದ ಆಡಳಿತ ಅಷ್ಟು ದಕ್ಷಿಣಕ್ಕೆ ಮುಟ್ಟಿಯೇ ಇರಲಿಲ್ಲ. ನಿಜ ಹೇಳಬೇಕೆಂದರೆ, ತನ್ನ ಬಾವುಟ ಅಲ್ಲಿ ಹಾರುವುದಕ್ಕೆ ಒಂದು ಊರು ಬೇಕೆಂದೇ ಸರಕಾರ ಈ ಜನರನ್ನು ಅಲ್ಲಿಗೆ ಬಿಟ್ಟಿತು. ನೆಲದವನು ಬೇಟೆ ಕಲಿಸಿದ, ಅವನ ಹೆಸರನ್ನು ಊರಿಗೆ ಇಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕೃತಜ್ಞತೆ ಇರಲಿಲ್ಲವೆಂದಲ್ಲ. ಇತ್ತು, ಧಾರಾಳವಾಗಿ ಇತ್ತು. ಅದರ ವಿಳಾಸ ಮಾತ್ರ ತಪ್ಪಿತ್ತು. ಪುವೆರ್ತೊ ಮಾದ್ರಿನ್‌ನಲ್ಲಿ ಕಡಲಿಗೆ ಮುಖಮಾಡಿ ನಿಂತ ತೆವೆಲ್ಚೆಯ ಪ್ರತಿಮೆಯೊಂದಿದೆ, ವೆಲ್ಷರು ಬಂದ ನೂರನೆಯ ವರ್ಷ, 1965ರಲ್ಲಿ, ಅವರ ನೆರವನ್ನು ನೆನೆದು ನಿಲ್ಲಿಸಿದ್ದು. ನೂರು ವರ್ಷಕ್ಕೆ ಒಂದು ಪ್ರತಿಮೆ. ಅದರಲ್ಲೂ ಒಬ್ಬ ಇಂಡಿಯನ್ ಎಂದಷ್ಟೇ, ಫ್ರಾನ್ಸಿಸ್ಕೊ ಎಂದಲ್ಲ.

1870ರ ದಶಕದ ಕೊನೆಗೆ ಅರ್ಜೆಂಟೀನಾದ ಸೈನ್ಯ ದಕ್ಷಿಣಕ್ಕೆ ಹೊರಟಿತು. ಅದಕ್ಕೆ ಅವರು ಇಟ್ಟ ಹೆಸರು 'ಮರುಭೂಮಿಯ ವಿಜಯ'. ಮರುಭೂಮಿಯನ್ನು ಗೆಲ್ಲುವುದಕ್ಕೆ ಬಂದೂಕು ಯಾಕೆ ಬೇಕು ಎಂದು ಯಾರಾದರೂ ಕೇಳಿದರೋ ಇಲ್ಲವೋ. 1885ರ ವೇಳೆಗೆ ಬುಡಕಟ್ಟುಗಳು ಮುರಿದುಬಿದ್ದಿದ್ದವು. ಕೊಂದದ್ದು ಹೋಗಿ ಉಳಿದವರನ್ನು ಹಿಡಿದು ಶಿಬಿರಗಳಲ್ಲಿ ಕೂಡಿದರು, ಹೆಂಗಸರನ್ನೂ ಮಕ್ಕಳನ್ನೂ ಪಟ್ಟಣದ ಮನೆಗಳಿಗೆ ಆಳುಗಳಾಗಿ ಹಂಚಿದರು. ಇನಕಾಯಲ್ ಎಂಬ ನಾಯಕನನ್ನು ಲಾ ಪ್ಲಾತಾದ ವಸ್ತುಸಂಗ್ರಹಾಲಯಕ್ಕೆ ಒಯ್ದರು. ಅವನು 1888ರಲ್ಲಿ ಅಲ್ಲೇ ಸತ್ತ. ಅವನ ಎಲುಬುಗಳು ಪ್ರದರ್ಶನಕ್ಕೆ ಇದ್ದವು. 1994ರಲ್ಲಿ ಅವು ಚುಬುತ್ ಪ್ರಾಂತದ ತೆಕಾ ಎಂಬಲ್ಲಿ ಮಣ್ಣು ಸೇರಿದವು.

ವೆಲ್ಷರು ಈ ಸೈನ್ಯದಲ್ಲಿ ಇರಲಿಲ್ಲ. ಅಷ್ಟೇ ಅಲ್ಲ, 1883ರಲ್ಲಿ ಅವರಲ್ಲಿ ಅನೇಕರು ಸಹಿ ಮಾಡಿ, ನಮ್ಮ ನೆರೆಯ ಈ ಜನ ನಮಗೆ ಒಳ್ಳೆಯದನ್ನೇ ಮಾಡಿದ್ದಾರೆ, ಇವರ ಮೇಲೆ ದಯೆ ಇರಲಿ ಎಂದು ಜನರಲ್ ವಿಂಟರ್ ಎಂಬ ಸೇನಾಪತಿಗೆ ಮನವಿ ಕಳಿಸಿದ್ದರು. ಪ್ರಯೋಜನವಾಗಲಿಲ್ಲ. ಬುಡಕಟ್ಟಿನವರು ಇಲ್ಲವಾದ ಮೇಲೆ ಒಳನಾಡು ತೆರೆಯಿತು. ಆ್ಯಂಡೀಸ್ ಪರ್ವತದ ಬುಡದ ಹಸುರು ಕಣಿವೆಯವರೆಗೂ ವೆಲ್ಷರು ಹೋಗಿ ನೆಲೆಸಿದರು. ಮನವಿಗೆ ಸಹಿ ಹಾಕಿದ್ದೂ ಅವರೇ, ಆಮೇಲೆ ಜಮೀನು ಪಡೆದದ್ದೂ ಅವರೇ. ಇದರಲ್ಲಿ ಮೋಸವಿಲ್ಲ. ಎರಡೂ ನಿಜ. ಇಂಥ ಕಡೆಯೇ ನನ್ನಂಥವನಿಗೆ ತೀರ್ಪು ಕೊಡಲು ಬಾಯಿ ಬರುವುದಿಲ್ಲ.

ಈ ಎರಡೂ ನಿಜಗಳನ್ನು ಒಂದೇ ಬಾಳಿನಲ್ಲಿ ಹೊತ್ತವನೊಬ್ಬನಿದ್ದ: ಜಾನ್ ಡೇನಿಯಲ್ ಇವಾನ್ಸ್. ಮಿಮೋಸಾದಲ್ಲಿ ಬಂದಾಗ ಅವನು ಸಣ್ಣ ಮಗು. ತೆವೆಲ್ಚೆ ಹುಡುಗರ ಜೊತೆ ಆಡಿ ಬೆಳೆದ. ಅವರಿಂದಲೇ ಬಯಲಿನಲ್ಲಿ ದಾರಿ ಹಿಡಿಯುವುದನ್ನು ಕಲಿತ. 1884ರ ಮಾರ್ಚ್‌ನಲ್ಲಿ ಮೂವರು ಸಂಗಡಿಗರೊಂದಿಗೆ ಒಳನಾಡಿನಿಂದ ಹಿಂದಿರುಗುತ್ತಿದ್ದಾಗ ಬುಡಕಟ್ಟಿನ ಒಂದು ಗುಂಪು ಮೇಲೆ ಬಿತ್ತು. ಸೈನ್ಯ ಬೆನ್ನಟ್ಟಿ ಕೊಲ್ಲುತ್ತಿದ್ದ ದಿನಗಳು. ಇವರು ಸೈನ್ಯದ ಗೂಢಚಾರರೆಂದು ಅವರಿಗೆ ಸಂಶಯ ಬಂದಿತ್ತೆಂದು ಹೇಳುತ್ತಾರೆ. ಮೂವರೂ ಸತ್ತರು. ಇವಾನ್ಸನ ಕುದುರೆ ಮಲಕಾರಾ ಒಂದು ಕಡಿದಾದ ಕಮರಿಯನ್ನು ಹಾರಿದ್ದರಿಂದ ಅವನೊಬ್ಬ ಉಳಿದ. ಆ ಜಾಗಕ್ಕೆ ಈಗ ಹುತಾತ್ಮರ ಕಣಿವೆ ಎಂದು ಹೆಸರು. ಕುದುರೆ 1909ರವರೆಗೆ ಬದುಕಿತ್ತು. ತ್ರೆವೆಲಿನ್‌ನಲ್ಲಿ ಅದಕ್ಕೊಂದು ಸಮಾಧಿ ಇದೆ, ಪ್ರವಾಸಿಗರು ನೋಡಲು ಬರುತ್ತಾರೆ.

ಹೀಗೆ ತನ್ನ ಕಣ್ಣೆದುರಿಗೇ ಸ್ನೇಹಿತರನ್ನು ಕಳಕೊಂಡವನು ಆಮೇಲೆ ಬುಡಕಟ್ಟಿನವರನ್ನು ದ್ವೇಷಿಸಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಆದರೆ ಕೆಲವು ವರ್ಷದ ನಂತರ ಅವನು ಉತ್ತರಕ್ಕೆ ಪ್ರಯಾಣ ಹೊರಟಾಗ ದಾರಿಯಲ್ಲಿ ವಾಲ್ಚೆತಾ ಎಂಬಲ್ಲಿ ಸೈನ್ಯದ ಶಿಬಿರವನ್ನು ಕಂಡ. ಎತ್ತರದ ತಂತಿಬೇಲಿ. ಒಳಗೆ ಪೆಟಗೋನಿಯಾದ ಜನ. ಬೇಲಿಯ ಹತ್ತಿರ ಬಂದವರನ್ನು ನೋಡಿ ಅವರು ಗುರುತು ಹಿಡಿದರು, ಇವರು ಚುಬುತ್‌ನ ವೆಲ್ಷರು ಎಂದು. ತಂತಿಗೆ ಆತುಕೊಂಡು ಕೈಚಾಚಿ ರೊಟ್ಟಿ ಬೇಡಿದರು. ಅರ್ಧ ಸ್ಪ್ಯಾನಿಷ್, ಅರ್ಧ ವೆಲ್ಷ್. ರೊಟ್ಟಿಗೆ ಅವರು ಬಳಸಿದ ಶಬ್ದ 'ಬಾರಾ'. ಆ ಗುಂಪಿನಲ್ಲಿ ಒಬ್ಬ ಇವಾನ್ಸನನ್ನೇ ನೋಡುತ್ತಿದ್ದ. ಮೊದಲು ಗುರುತು ಸಿಗಲಿಲ್ಲ. ಆಮೇಲೆ ತಿಳಿಯಿತು, ಜೊತೆಯಲ್ಲಿ ಆಡಿ ಬೆಳೆದ ಬಾಲ್ಯದ ಗೆಳೆಯ. ಕೈಯಲ್ಲಿದ್ದದ್ದನ್ನು ಕೊಟ್ಟು ಹೋದ. ಸ್ವಲ್ಪ ಕಾಲದ ಮೇಲೆ ಹಣ ಹೊಂದಿಸಿಕೊಂಡು ಅವನನ್ನು ಬಿಡಿಸಿ ತರೋಣವೆಂದು ಹಿಂದಿರುಗಿದ. ಗೆಳೆಯ ಸತ್ತಿದ್ದ. ಇವಾನ್ಸ್ ಇದನ್ನೆಲ್ಲ ತನ್ನ ನೆನಪುಗಳಲ್ಲಿ ಬರೆದಿಟ್ಟಿದ್ದಾನೆ.

ತಮ್ಮ ಭಾಷೆ ಉಳಿಯಲೆಂದು ಏಳೆಂಟು ಸಾವಿರ ಮೈಲಿ ಬಂದ ಜನರ ಭಾಷೆ, ಆ ಬಯಲಿನಲ್ಲಿ, ತಂತಿಬೇಲಿಯ ಒಳಗಿನ ಹಸಿದವರ ಬಾಯಲ್ಲಿ ಉಳಿದಿತ್ತು. ನಾನು ಆ ಪುಟವನ್ನು ಮಡಚಿಟ್ಟು ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ರಾಸನ್ನಿನ ಮುಂದಿನ ಕತೆಯನ್ನು ಬೇಗ ಹೇಳಿಬಿಡುತ್ತೇನೆ. 1884ರ ಕಾನೂನಿನಿಂದ ಚುಬುತ್ ಕೇಂದ್ರಾಡಳಿತದ ಪ್ರದೇಶವಾಯಿತು, ರಾಸನ್ ಅದರ ಆಡಳಿತದ ಊರಾಯಿತು. ಅಲ್ಲಿಗೆ ಗವರ್ನರ್ ಬಂದ, ಕಚೇರಿಗಳು ಬಂದವು, ಸ್ಪ್ಯಾನಿಷ್ ಬಂತು. ಶಾಲೆಗಳು ಸ್ಪ್ಯಾನಿಷಿಗೆ ತಿರುಗಿದವು. ಯುವಕರು ಭಾನುವಾರ ಕವಾಯತಿಗೆ ಬರಬೇಕೆಂಬ ಆಜ್ಞೆಯಾಗಿ, ಭಾನುವಾರವೆಂದರೆ ಪ್ರಾರ್ಥನೆಯ ದಿನವೆಂದು ನಂಬಿದ ಜನ ತತ್ತರಿಸಿದರು. ಸರಕಾರ ತಂದು ಕೂರಿಸಿದ್ದು ಯಾತಕ್ಕೆ ಎಂಬುದು ಆಗ ಅವರಿಗೆ ಅರ್ಥವಾಗಿರಬೇಕು. 1899ರ ಪ್ರವಾಹ ಕಣಿವೆಯ ಮನೆಮಠಗಳನ್ನು ಕೊಚ್ಚಿಕೊಂಡು ಹೋಯಿತು; 1902ರಲ್ಲಿ ಕೆಲವರು ಬೇಸತ್ತು ಕೆನಡಾಕ್ಕೆ ಹೊರಟುಹೋದರು. ಲೂಯಿಸ್ ಜೋನ್ಸನ ಹೆಸರು ಹೊತ್ತ ಪಕ್ಕದ ತ್ರೆಲೆವ್ ವ್ಯಾಪಾರದಿಂದ ಬೆಳೆದು ದೊಡ್ಡದಾಯಿತು. ರಾಸನ್ ಕಚೇರಿಗಳ ಊರಾಗಿಯೇ ಉಳಿಯಿತು, ಜೊತೆಗೆ ಒಂದು ಮೀನುಗಾರಿಕೆಯ ಬಂದರು, ಒಂದು ಸೆರೆಮನೆ. ಆ ಸೆರೆಮನೆಯಿಂದ 1972ರ ಆಗಸ್ಟ್‌ನಲ್ಲಿ ರಾಜಕೀಯ ಕೈದಿಗಳು ತಪ್ಪಿಸಿಕೊಂಡರು. ಸಿಕ್ಕಿಬಿದ್ದ 19 ಜನರ ಮೇಲೆ ತ್ರೆಲೆವ್‌ನ ನೌಕಾನೆಲೆಯಲ್ಲಿ ಗುಂಡು ಹಾರಿಸಿ 16 ಜನರನ್ನು ಕೊಂದರು. ಸ್ವಾತಂತ್ರ್ಯ ಹುಡುಕಿ ಬಂದವರ ಊರಿನ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು ಜೈಲಿನಿಂದ. ವೆಲ್ಷ್ ಮಾತ್ರ ಪೂರ್ತಿ ಸಾಯಲಿಲ್ಲ. 1997ರಿಂದ ವೇಲ್ಸಿನಿಂದ ಶಿಕ್ಷಕರು ಅಲ್ಲಿಗೆ ಹೋಗಿ ಕಲಿಸುತ್ತಿದ್ದಾರೆ. ಜುಲೈ 28ರಂದು ಚರ್ಚುಗಳಲ್ಲಿ ಚಹಾ ಕೂಟವಾಗುತ್ತದೆ.

1963ರಲ್ಲಿ ಆ ನದಿಗೆ ಮೇಲ್ಗಡೆ ಒಂದು ಅಣೆಕಟ್ಟು ಆಯಿತು, ಪ್ರವಾಹದ ಕಾಟ ತಪ್ಪಿತು. ಈ ಇಸವಿ ಓದಿದಾಗ ನನಗೆ ನಮ್ಮದು ನೆನಪಾಯಿತು. ಅದರ ಮರುವರ್ಷ, 1964ರಲ್ಲಿ, ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟೆ ಮುಗಿಯಿತು. ನೀರು ಏರಿ ನಮ್ಮ ಊರು, ತೋಟ, ದೇವರಬನ ಎಲ್ಲ ಅಡಿಗೆ ಹೋದವು. ನನಗಾಗ ಏಳು ವರ್ಷ. ಲಾರಿಯಲ್ಲಿ ಪಾತ್ರೆಪಗಡಿ, ಬಾಗಿಲು, ಜಂತಿ, ಕರು, ಅಜ್ಜಿ ಎಲ್ಲವನ್ನೂ ಹೇರಿಕೊಂಡು ಸರಕಾರ ತೋರಿಸಿದ ಒಂದು ಕಾಡಂಚಿಗೆ ಬಂದು ಇಳಿದೆವು. ಊರಿಗೆಲ್ಲ ದೀಪ ಹತ್ತಲೆಂದು ಮುಳುಗಿದವರು ನಾವು. ನಮ್ಮ ಮನೆಗೆ ಕರೆಂಟು ಬರಲು ಇನ್ನೂ ಎಷ್ಟೋ ವರ್ಷ ಹಿಡಿಯಿತು. ಈ ದುಃಖವನ್ನು ನಾನು ಭಾಷಣಗಳಲ್ಲಿ, ಮದುವೆಮನೆಯ ಜಗಲಿಯಲ್ಲಿ, ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಸುಳ್ಳೂ ಅಲ್ಲ. ನಮ್ಮ ಜೊತೆ ಎದ್ದುಬಂದವರಲ್ಲಿ ಅನೇಕರಿಗೆ ಇಂದಿಗೂ ಹಕ್ಕುಪತ್ರ ಸಿಕ್ಕಿಲ್ಲ.

ಹೇಳದೆ ಬಿಟ್ಟದ್ದು ಇನ್ನೊಂದಿದೆ. ನಾವು ಬಂದು ಇಳಿದ ಜಾಗ 'ಖಾಲಿ ಜಾಗ' ಎಂದು ಅಪ್ಪನಿಗೆ ಅಧಿಕಾರಿಗಳು ಹೇಳಿದ್ದರು. ಮೂರನೆಯ ದಿನವೋ ನಾಲ್ಕನೆಯ ದಿನವೋ ಒಬ್ಬ ಮುದುಕ ಏಳೆಂಟು ದನ ಹೊಡೆದುಕೊಂಡು ಬಂದ. ನಮ್ಮ ಬಿಡಾರ ನೋಡಿ ದನಗಳನ್ನು ಆಚೆಗೆ ತಿರುಗಿಸಿ, ತಾನು ಮಾತ್ರ ಬಂದು ದೂರದಲ್ಲಿ ಕುಂತ. ಮಾತಿಲ್ಲ. ಅಮ್ಮ ಕಾಫಿ ಕೊಟ್ಟಳು, ಎತ್ತಿ ಹೊಯ್ದು. ಅಪ್ಪ ಅವನನ್ನು 'ನೀನು' ಎಂದೇ ಮಾತಾಡಿಸಿದ, ಅಪ್ಪನಿಗಿಂತ ಅವನು ಇಪ್ಪತ್ತು ವರ್ಷ ದೊಡ್ಡವನಿದ್ದಿರಬೇಕು. ನೀರಿಗೆ ಎಲ್ಲಿಗೆ ಹೋಗ್ತೀರಿ ಎಂದು ಅವನು ಕೇಳಿದ. ಹಳ್ಳಕ್ಕೆ ಎಂದೆವು. ಬೇಸಿಗೆಗೆ ಹಳ್ಳ ಬತ್ತುತ್ತದೆ ಎಂದು, ಎದ್ದು ಹೋಗಿ, ಒಂದು ಮತ್ತಿಮರದ ಬುಡದ ಹತ್ತಿರ ಕೋಲು ಊರಿ ತೋರಿಸಿದ: ಇಲ್ಲಿ ತೋಡಿ. ತೋಡಿದೆವು. ಅರವತ್ತು ವರ್ಷ ಕಳೆದರೂ ಆ ಬಾವಿ ಬತ್ತಿಲ್ಲ.

ಆಮೇಲೂ ಅವನು ಬರುತ್ತಿದ್ದ. ಒಮ್ಮೊಮ್ಮೆ ಒಂದು ಕುಂಬಳಕಾಯಿ, ಒಮ್ಮೊಮ್ಮೆ ಜೇನು. ಅಮ್ಮ ಅಕ್ಕಿ ಕೊಡುವಳು. ನಾವು ಮಕ್ಕಳು ಅವನ ಹಿಂದೆಯೇ ತಿರುಗಿ ಯಾವ ಹಣ್ಣು ತಿನ್ನಬಹುದು, ಯಾವುದು ಬಾಯಿ ಸುಡುತ್ತದೆ ಎಂದು ಕಲಿತೆವು. ಅಪ್ಪ ಎರಡು ಮೂರು ವರ್ಷದಲ್ಲಿ ಬೇಲಿ ಮುಗಿಸಿದ. ಅಪ್ಪ ಕ್ರೂರಿಯಲ್ಲ. ಅಡಿಕೆ ಸಸಿ ಹಾಕಿದ್ದ, ದನ ಬಂದರೆ ಉಳಿಯುವುದಿಲ್ಲ. ಬೇಲಿಯಾದ ಮೇಲೆ ಮುದುಕ ಬರುವುದು ಕಡಿಮೆಯಾಯಿತು. ಒಂದು ಮಳೆಗಾಲದ ನಂತರ ಬರಲೇ ಇಲ್ಲ. ಸತ್ತನೋ, ದನ ಮಾರಿ ಬೇರೆ ಕಡೆ ಹೋದನೋ, ನಾವು ವಿಚಾರಿಸಲಿಲ್ಲ. ನಮಗೆ ನಮ್ಮದೇ ಬೇಕಾದಷ್ಟು ಕಷ್ಟವಿತ್ತು.

'ನಮಗೆ ನಮ್ಮದೇ ಕಷ್ಟವಿತ್ತು' ಎಂಬ ಈ ಮಾತಿನ ಬಗ್ಗೆಯೇ ಈಗ ನನ್ನ ತಕರಾರು. ವೆಲ್ಷರು ಬರಬಾರದಿತ್ತು ಎಂದು ನಾನು ಹೇಳಲಾರೆ. ಕೊರಳಲ್ಲಿ ಮರದ ತುಂಡು ಹೊತ್ತು ಅವರು ಅಲ್ಲೇ ಕೂತಿರಬೇಕಿತ್ತೇ? ಅಪ್ಪ ಲಾರಿಯಿಂದ ಇಳಿಯದೆ ಎಲ್ಲಿಗೆ ಹೋಗಬೇಕಿತ್ತು? ತಳ್ಳಿಸಿಕೊಂಡವನು ಎಲ್ಲಾದರೂ ಕಾಲೂರಲೇಬೇಕು. ಆದರೆ ನಾವು ಅನುಭವಿಸಿದ ನೋವೇ ನಮಗೊಂದು ರಸೀದಿ, ಅದನ್ನು ತೋರಿಸಿದರೆ ಮುಂದಿನದನ್ನೆಲ್ಲ ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ ಎಂದು ನಂಬಿದೆವಲ್ಲ, ಅದು ಸರಿಯೇ? ನೋವು ಕೊಟ್ಟವನೊಬ್ಬ, ಪರಿಹಾರ ತೆತ್ತವನು ಇನ್ನೊಬ್ಬ. ನಡುವೆ ನಾವು ಇಬ್ಬರಿಗೂ ಕೈಮುಗಿದು ನಿರಾಳವಾಗಿ ಇದ್ದೆವು. ಇವಾನ್ಸ್ ಹಣ ಹೊಂದಿಸಿಕೊಂಡು ಹಿಂದಿರುಗಿದನಾದರೂ ಹಿಂದಿರುಗಿದ. ತಡವಾಯಿತು, ನಿಜ. ನಾವು ಆ ಕಡೆ ಹೆಜ್ಜೆಯನ್ನೇ ಇಡಲಿಲ್ಲ. ಮುದುಕನ ಗುಡಿಸಲು ಎರಡು ಮೈಲಿ ಇದ್ದಿದ್ದರೆ ಹೆಚ್ಚು.

ಇದನ್ನು ಬರೆಯಲು ಕೂತಾಗ ಅವನ ಹೆಸರು ಬರೆಯಬೇಕೆಂದಿತ್ತು. ನೆನಪಿಗೆ ಬರಲಿಲ್ಲ. ಅಪ್ಪ ಅಮ್ಮ ಈಗ ಇಲ್ಲ. ಅಣ್ಣ ಅಲ್ಲೇ ಇದ್ದಾನೆ, ಆ ಜಮೀನು ಅವನೇ ನೋಡಿಕೊಳ್ಳುವುದು. ರಾತ್ರಿ ಊಟದ ಹೊತ್ತಿಗೆ ಫೋನ್ ಮಾಡಿದೆ.

"ಅಣ್ಣಾ, ಬಾವಿ ತೋರಿಸಿದ ಅಜ್ಜ ಇದ್ನಲ್ಲ, ಅವನ ಹೆಸರು ಏನು?"

ಅವನು ಸ್ವಲ್ಪ ಹೊತ್ತು ಯೋಚನೆ ಮಾಡಿದ. "ಅಜ್ಜ ಅಂತಲೇ ಕರೀತಿದ್ವಲ್ಲೋ. ಹೆಸರು ಕೇಳಿದ ನೆನಪಿಲ್ಲ." ಆಮೇಲೆ, ದನಿ ತಗ್ಗಿಸಿ ಕೇಳಿದ: "ಯಾಕೋ? ಅವನ ಕಡೆಯೋರು ಯಾರಾದ್ರೂ ಬಂದಿದ್ರಾ?"